ನಮೂನೆಯಲ್ಲಿ ನಾದಿನಿಗೆ ಜಾಗವಿರಲಿಲ್ಲ

ಸಂತೆಬಾಚಹಳ್ಳಿಯ ಒಂದು ಮನೆಯ ಹಿತ್ತಲಲ್ಲಿ ಆ ಬದನೆ ಗಿಡ ಕಣ್ಣಿಗೆ ಬಿದ್ದಾಗ, ಇದು ಬೇರೆ ಯಾವುದೋ ತಳಿ ಇರಬೇಕು ಎಂದುಕೊಂಡೆ. ಹಾಗಿರಲಿ ಎಂದು ಬಯಸಿದೆ ಅನ್ನುವುದೇ ಹೆಚ್ಚು ಸರಿ. ಕುಕ್ಕರಗಾಲಲ್ಲಿ ಕೂತು ಕಾಂಡ ನೋಡಿದೆ. ಕಡು ನೇರಳೆ. ಎಲೆಯ ನರ, ಮುಳ್ಳು, ತೊಟ್ಟು ಎಲ್ಲ ಅದೇ ಬಣ್ಣ. ಕಾಯಿ ಬೆರಳುದ್ದ, ಗೊಂಚಲಿಗೆ ಐದಾರು. ಆ ಹೊತ್ತಿಗೆ ನಾಲ್ಕು ತಾಲ್ಲೂಕುಗಳಲ್ಲಿ ಬದನೆ ನೋಡುತ್ತ ಅಲೆದಿದ್ದೆ. ಅಂಥ ಗಿಡ ನಾನು ಕಂಡದ್ದು ಒಂದೇ ಕಡೆ, ಪಾಂಡವಪುರ ತಾಲ್ಲೂಕಿನ ಕ್ಯಾತನಹಳ್ಳಿಯ ಒಂದು ಹೊಲದಲ್ಲಿ. ಆ ಹೊಲದಿಂದ ಒಂದು ಕಾಯಿಯೂ ಹೊರಗೆ ಹೋಗಿಲ್ಲ ಎಂದು ಬರೆದು ಸಹಿ ಮಾಡಿದವಳು ನಾನು.

ಆ ಹೊಲದಲ್ಲಿ ಏನು ನಡೆದಿತ್ತು ಎಂಬುದನ್ನು ಮೊದಲು ಹೇಳಬೇಕು.

ತೊಂಬತ್ತರ ದಶಕದ ಕೊನೆಯ ವರ್ಷಗಳವು. ಕುಲಾಂತರಿ ಎಂಬ ಮಾತು ಪತ್ರಿಕೆಗಳಲ್ಲಿ ಆಗಷ್ಟೇ ಕಾಣಿಸತೊಡಗಿತ್ತು. ಒಂದು ಜೀವಿಯ ಗುಣವನ್ನು ಇನ್ನೊಂದರಲ್ಲಿ ಸೇರಿಸಿದ ಬೆಳೆಯನ್ನು ಬಯಲಲ್ಲಿ ಬೆಳೆದರೆ ಅದರ ಪರಾಗ ಪಕ್ಕದ ಹೊಲಕ್ಕೆ, ಬದುವಿನ ಕಾಡುಗಿಡಕ್ಕೆ ಎಷ್ಟು ದೂರ ಹೋಗುತ್ತದೆ ಎಂಬುದನ್ನು ಒಂದೊಂದು ದೇಶ ಒಂದೊಂದು ರೀತಿ ಅಳೆಯುತ್ತಿತ್ತು. ಒಬ್ಬರ ಅಂಕಿ ಇನ್ನೊಬ್ಬರಿಗೆ ಉಪಯೋಗಕ್ಕೆ ಬರುತ್ತಿರಲಿಲ್ಲ. ಹಾಗಾಗಿ ನಾಲ್ಕು ದೇಶಗಳ ಸಂಸ್ಥೆಗಳು ಕೂಡಿ ಒಂದು ನಮೂನೆ ಮಾಡಿದ್ದವು. ಎಲ್ಲರೂ ಅದೇ ಕಾಲಂಗಳನ್ನು ತುಂಬಬೇಕು. ಒಬ್ಬರು ಕಂಡದ್ದನ್ನು ಉಳಿದವರು ಒಪ್ಪಬೇಕು. ನಂಬಿಕೆ ಎಂಬ ಪದ ಆ ಕಾಗದಗಳಲ್ಲಿ ಎಲ್ಲೂ ಇರಲಿಲ್ಲ, ಆದರೆ ಇಡೀ ಏರ್ಪಾಡು ನಿಂತಿದ್ದು ಅದರ ಮೇಲೆ.

ನಿಜವಾದ ಕುಲಾಂತರಿ ಬದನೆಗೆ ಮುಂಚೆ ಸಾಮಾನ್ಯ ಬದನೆಯಲ್ಲೇ ಒಂದು ತಾಲೀಮು ನಡೆಸಬೇಕೆಂದು ತೀರ್ಮಾನವಾಗಿತ್ತು. ಕೂಡಿಕೊಂಡ ದೇಶವೊಂದರಿಂದ ಈ ನೇರಳೆ ಕಾಂಡದ ಬೀಜ ಬಂತು. ಹೊಲದ ನಡುವೆ ಅದನ್ನು ನೆಟ್ಟು, ಸುತ್ತ ಬೇರೆ ಬೇರೆ ದೂರದಲ್ಲಿ ನಮ್ಮ ಹಸಿರು ಕಾಂಡದ ಬದನೆ ನೆಟ್ಟೆವು. ದುಂಬಿಗಳು ಅಲ್ಲಿಂದ ಇಲ್ಲಿಗೆ ಹಾರಾಡುತ್ತವೆ. ಹಸಿರು ಗಿಡದ ಹಣ್ಣಿನ ಬೀಜ ತೆಗೆದು ಟ್ರೇಗಳಲ್ಲಿ ಬಿತ್ತಿದಾಗ ಎಷ್ಟು ಮೊಳಕೆಗಳ ದಂಟು ನೇರಳೆಯಾಗಿ ಬರುತ್ತದೋ ಅಷ್ಟು ಪರಾಗ ಅಷ್ಟು ದೂರ ಹೋಗಿದೆ ಎಂದರ್ಥ. ನಾಲ್ಕೂ ದೇಶಗಳ ಅಂಕಿ ಸೇರಿಸಿ, ಮುಂದೆ ಕುಲಾಂತರಿ ಬದನೆಯನ್ನು ಬೇರೆ ಬದನೆಯಿಂದ ಎಷ್ಟು ದೂರದಲ್ಲಿ ಇಡಬೇಕು ಎಂಬುದನ್ನು ಗೊತ್ತುಮಾಡುವುದಿತ್ತು. ಕ್ಯಾತನಹಳ್ಳಿಯ ಹೊಲವನ್ನು ಆರಿಸಿದ್ದು ಸುತ್ತ ಕಬ್ಬು ಇದ್ದುದಕ್ಕೆ. ಕಬ್ಬಿನ ಗೋಡೆಯೊಳಗೆ ಬೇರೆ ಬದನೆ ಇರಲಿಲ್ಲ.

ನಾನು ಕೃಷಿ ಪದವಿ ಮುಗಿಸಿ ಮನೆಯಲ್ಲಿದ್ದವಳು. ಶ್ರೀರಂಗಪಟ್ಟಣದಲ್ಲಿ ನಮ್ಮ ಮನೆ. ಹೊಲವಿಲ್ಲ, ತರಕಾರಿಯೆಲ್ಲ ಮಾರ್ಕೆಟ್ಟಿನಿಂದ ಬರುತ್ತಿತ್ತು. ಈ ಯೋಜನೆಯಲ್ಲಿ ದಾಖಲೆ ಬರೆಯುವ ತಾತ್ಕಾಲಿಕ ಕೆಲಸ ಸಿಕ್ಕಿತು. ವಾರದಲ್ಲಿ ನಾಲ್ಕು ದಿನ ಕ್ಯಾತನಹಳ್ಳಿಯ ಹೊಲ. ಉಳಿದ ದಿನ ಶ್ರೀರಂಗಪಟ್ಟಣದ ನಾಲೆ ದಂಡೆಯಿಂದ ನಾಗಮಂಗಲದ ಒಣ ಬದುಗಳವರೆಗೆ ಅಲೆದು, ಬದನೆಯ ಕಾಡು ನಂಟರಾದ ಸೊಂಡೆ, ನೆಲಗುಳ್ಳ ಎಲ್ಲೆಲ್ಲಿವೆ ಎಂದು ಪಟ್ಟಿ ಮಾಡುವುದು. ಬಸ್ಸಿನಲ್ಲೇ ನನ್ನ ಅರ್ಧ ದಿನ ಹೋಗುತ್ತಿತ್ತು. ಆ ಕೆಲಸ ನನಗೆ ಇಷ್ಟವಾಯಿತು. ಎಣಿಸುವುದು, ಬರೆಯುವುದು, ಮತ್ತೊಮ್ಮೆ ಎಣಿಸುವುದು. ತಪ್ಪು ಮಾಡದವಳು ಎಂಬ ಹೆಸರೂ ಬಂತು.

ಹೊಲ ಗಂಡ ಹೆಂಡಿರದು. ಗಂಡ ಡೈರಿಗೆ ಹಾಲು ಹಾಕಿ ಬಂದು ಕಬ್ಬಿನ ಕಡೆ ಹೋಗುತ್ತಿದ್ದ. ಹೊಲ ನೋಡಿಕೊಳ್ಳುತ್ತಿದ್ದವಳು ಹೆಂಡತಿ, ಐವತ್ತರ ಆಸುಪಾಸಿನ ಗಟ್ಟಿ ಹೆಂಗಸು. ನಾನು ಅವಳನ್ನು ಅವ್ವ ಅನ್ನುತ್ತಿದ್ದೆ. ಮೊದಲ ದಿನ ನಾನು ಕಾಯಿ ಎಣಿಸಿ ಪುಸ್ತಕದಲ್ಲಿ ಬರೆಯುವುದನ್ನು ಸೊಂಟಕ್ಕೆ ಕೈಯಿಟ್ಟು ನೋಡುತ್ತ ನಿಂತಿದ್ದು, ಕೊನೆಗೆ ಕೇಳಿದಳು.

“ಬದ್ನೆಕಾಯಿ ಎಣಸಾಕ್ಕೂ ಕೆಲ್ಸ ಕೊಟ್ಟವ್ರಾ ನಿಂಗೆ? ಇದ್ಕೇನಮ್ಮಿ ಅಷ್ಟು ಓದಿದ್ದು?”

ಟ್ರೇಗಳಿಗೆ ಬೇಕಾದ ಬೀಜ ತೆಗೆದುಕೊಂಡು, ಎಣಿಸಿದ ಕಾಯನ್ನೆಲ್ಲ ಹೊಲದ ಮೂಲೆಯ ಗುಂಡಿಗೆ ಹಾಕಿ, ಮೇಲೆ ಸುಣ್ಣ ಸುರಿದು ಮಣ್ಣು ಮುಚ್ಚುತ್ತಿದ್ದೆವು. ಊರಿಗೆ ಇದೊಂದು ನಗೆಯ ವಿಷಯ. ಬಸ್ಸಿಗಾಗಿ ಹೋಟೆಲಿನ ಮುಂದೆ ನಿಂತಾಗ ನನಗೆ ಕೇಳಲೆಂದೇ ಒಬ್ಬ ಇನ್ನೊಬ್ಬನಿಗೆ ಹೇಳಿದ್ದ: “ಲೇ, ಎಣಸ್ಬುಟ್ಟು ಸುಣ್ಣ ಆಕಿ ಊತಾಕ್ತಾವ್ರೆ ಕಣ್ಲಾ ಬದ್ನೆಕಾಯ. ಅನ್ನೊಂದ್ನೆ ದಿನ್ಕೆ ಊಟ ಆಕಿಸ್ತಾರಾ ಕೇಳ್ಲಾ.” ನಾನೂ ನಕ್ಕಿದ್ದೆ.

ನಿಯಮಗಳು ಇಂಗ್ಲಿಷಿನಲ್ಲಿ ಬಂದಿದ್ದವು. ಅವನ್ನು ಕನ್ನಡಕ್ಕೆ ತಂದು, ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಪಂಪ್‌ಸೆಟ್ಟಿನ ಗೋಡೆಗೆ ತೂಗುಹಾಕಿದವಳು ನಾನು. ಅವ್ವನಿಗೂ ಅವಳ ಗಂಡನಿಗೂ ಕೂರಿಸಿಕೊಂಡು ಓದಿ ಹೇಳಿದೆ. ಕಾಯಿ ತಿನ್ನಬಾರದು. ಮಾರಬಾರದು. ಹೊರಗೆ ಎಸೆಯಬಾರದು. ಮೂಲದಲ್ಲಿ ನಾಲ್ಕನೆಯ ಒಂದು ಉದ್ದದ ವಾಕ್ಯವಿತ್ತು. ಗಿಡದ ಯಾವ ಭಾಗವೂ ಯಾವುದೇ ರೀತಿಯಲ್ಲಿ ತಾಣ ಬಿಟ್ಟು ಹೋಗತಕ್ಕದ್ದಲ್ಲ ಎಂದು ಅದರ ಅರ್ಥ. ಅದನ್ನು ನಾನು ಕೈಬಿಟ್ಟೆ. ರಟ್ಟಿನಲ್ಲಿ ಜಾಗ ಸಾಲದು ಎಂಬುದು ಒಂದು. ಅದಕ್ಕಿಂತ ಹೆಚ್ಚಾಗಿ, ತಿನ್ನದೆ, ಮಾರದೆ, ಎಸೆಯದೆ ಕಾಯಿ ಹೊರಗೆ ಹೋಗುವುದಾದರೂ ಹೇಗೆ ಎಂದು ನನಗೆ ತೋಚಿತ್ತು. ಮಾರ್ಕೆಟ್ಟಿನಿಂದ ತರಕಾರಿ ತರುವ ಮನೆಯವಳಿಗೆ ಹಾಗೇ ತೋಚುತ್ತದೆ.

ಫಾಲ್ಗುಣದಲ್ಲಿ ಒಂದು ದಿನ, ಅಂಚಿನ ನೇರಳೆ ಗಿಡವೊಂದರ ಗೊಂಚಲಿನ ಬುಡಕ್ಕೆ ಹಳೆ ಸೀರೆಯ ಒಂದು ಎಳೆ ಕಟ್ಟಿದ್ದನ್ನು ನೋಡಿದೆ. ಗುರುತಿಗೆಂದು ನಾವೂ ಅಲ್ಲಲ್ಲಿ ಬಟ್ಟೆ ಕಟ್ಟುತ್ತಿದ್ದೆವು. “ಅಂಚಿನ ಗಿಡದಲ್ಲಿ ಗುರುತಿನ ಬಟ್ಟೆ, ಬಹುಶಃ ಹೋದ ವಾರದ್ದು” ಎಂದು ಬರೆದುಕೊಂಡೆ. ಆ ಪುಸ್ತಕ ಈಗಲೂ ನನ್ನ ಹತ್ತಿರ ಇದೆ. ಅದರಲ್ಲಿ ಬಹುಶಃ ಎಂಬ ಪದ ಇರುವುದು ಆ ಒಂದೇ ಸಾಲಿನಲ್ಲಿ. ಬಟ್ಟೆ ಕಟ್ಟಿದ ಕಾಯಿ ಬೀಜಕ್ಕೆ ಬಿಟ್ಟದ್ದು, ಅದನ್ನು ಯಾರೂ ಕೀಳಬಾರದು ಎಂಬುದು ಆ ಊರಿನ ಚಿಕ್ಕ ಮಗುವಿಗೂ ಗೊತ್ತು. ಕಿತ್ತ ಕಾಯನ್ನು ನಾನು ಒಂದೂ ಬಿಡದೆ ಎಣಿಸುತ್ತಿದ್ದೆ. ಗಿಡದಲ್ಲೇ ಉಳಿದದ್ದನ್ನು ಎಣಿಸಿರಲಿಲ್ಲ.

ಬೇಸಿಗೆಯಲ್ಲಿ ಟ್ರೇಗಳ ಮೊಳಕೆ ಎಣಿಸಿ ಮುಗಿಸಿದೆವು. ಒಂದು ದೂರ ದಾಟಿದ ಮೇಲೆ ಒಂದೂ ನೇರಳೆ ದಂಟು ಬಂದಿರಲಿಲ್ಲ. ಅಂಕಿಗಳ ತಖ್ತೆ ಅಚ್ಚುಕಟ್ಟಾಗಿ ಬಂತು. ಕೊನೆಯ ಪುಟದಲ್ಲಿ, ಒಂದು ಕಾಯಿಯೂ ಹೊರಗೆ ಹೋಗಿಲ್ಲ ಎಂಬ ಹೇಳಿಕೆಯ ಕೆಳಗೆ, ಯೋಜನೆಯ ಮುಖ್ಯಸ್ಥರ ಸಹಿಯ ಪಕ್ಕದಲ್ಲಿ ನನ್ನ ಸಹಿ.

ಸಂತೆಬಾಚಹಳ್ಳಿಯ ಆ ಬೆಳಿಗ್ಗೆ ಬಂದದ್ದು ಇದಾದ ಮೇಲೆ, ಶ್ರಾವಣದಲ್ಲಿ. ಕಾಡುಬದನೆಯ ಪಟ್ಟಿಗಾಗಿ ಕೆ.ಆರ್. ಪೇಟೆಯ ಕಡೆ ಹೋಗಿದ್ದೆ. ನಾನು ಕೂತಿದ್ದನ್ನು ನೋಡಿ ಮನೆಯಾಕೆ ಹೊರಗೆ ಬಂದಳು. ಬದನೆ ತಳಿಗಳನ್ನು ಬರೆದುಕೊಳ್ಳುತ್ತಿದ್ದೇನೆ, ಇದರ ಬೀಜ ಎಲ್ಲಿಯದು ಎಂದು ಕೇಳಿದೆ.

“ನಮ್ ತವ್ರುದ್ದು ಕಣವ್ವ, ಕ್ಯಾತ್ನಳ್ಳಿದು” ಎಂದಳು. ಆ ಮಾತಿನಲ್ಲಿದ್ದ ಹೆಮ್ಮೆ ನನಗೆ ಇಂದಿಗೂ ಕಿವಿಯಲ್ಲಿದೆ. “ಯುಗಾದಿಗೋಗಿದ್ನಲ್ಲ, ನಮ್ಮತ್ಗೆ ಕೊಟ್ರು. ಎಣ್ಗಾಯ್ಗೆ ಬಲೇ ಚೆಂದಾಗದೆ. ತಡಿ, ನಿಂಗೂ ಒಂದಿಡಿ ಕಿತ್ಕೊಡ್ತೀನಿ.”

ಅವಳು ಕ್ಯಾತನಹಳ್ಳಿಯ ಹೊಲದ ಅವ್ವನ ನಾದಿನಿ. ಯುಗಾದಿಗೆ ತವರಿಗೆ ಬಂದವಳು ಹೊರಡುವಾಗ ಅತ್ತಿಗೆ ಅವರೆ, ಮೆಣಸಿನಕಾಯಿ, ಬದನೆ ಬೀಜಗಳನ್ನು ಬೂದಿಯಲ್ಲಿ ಕಲಸಿ ಒಣಗಿಸಿದ್ದನ್ನು ಸೆರಗಿಗೆ ಕಟ್ಟಿ ಕಳಿಸಿದ್ದಳು. ಬಿತ್ತಿ ಸಸಿಯಾದ ಮೇಲೆ ಈಕೆ ಪಕ್ಕದ ಮನೆಗೆ ನಾಲ್ಕು ಸಸಿ ಕೊಟ್ಟಳು, ಕೆ.ಆರ್. ಪೇಟೆಯ ಗೆಳತಿಗೆ ನಾಲ್ಕು, ನಾಗಮಂಗಲದ ಕಡೆ ಕೊಟ್ಟಿರುವ ತನ್ನ ಗಂಡನ ತಂಗಿಗೆ ಒಂದು ಹಿಡಿ. ನಾನು ಕೇಳದೆಯೇ ಇದನ್ನೆಲ್ಲ ಹೇಳಿದಳು. ಚೆನ್ನಾಗಿ ಬಂದ ಬೀಜವನ್ನು ಒಬ್ಬರೇ ಇಟ್ಟುಕೊಳ್ಳುವುದು ಅವಳಿಗೆ ಕಲ್ಪನೆಗೂ ನಿಲುಕದ್ದು.

ಅವಳು ಕೊಟ್ಟ ಕಾಯಿ ಬೇಡ ಅನ್ನಲಾಗಲಿಲ್ಲ. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಕೂತಲ್ಲಿ ಕೂರಲಾಗಲಿಲ್ಲ. ನಮ್ಮೂರ ಕಡೆಯ ಬಸ್ಸು ಬಿಟ್ಟು ಕಿಕ್ಕೇರಿ ದಾರಿಯಲ್ಲಿ ಹೋಗುವ ಬಸ್ಸು ಹತ್ತಿದ್ದೇನೆ ಎಂಬುದು ಕಂಡಕ್ಟರ್ ಟಿಕೆಟ್ ಕೇಳಿದಾಗ ಗೊತ್ತಾಯಿತು. ಇಳಿದು ರಸ್ತೆ ಬದಿ ನಿಂತೆ. ಚೀಲದಲ್ಲಿದ್ದ ಕಾಯಿ ಎಣಿಸಿದೆ. ಹದಿನಾಲ್ಕು. ಮತ್ತೆ ಎಣಿಸಿದೆ.

ಮರುದಿನ ನಾಗಮಂಗಲದ ಆ ಹಳ್ಳಿಗೂ ಹೋದೆ. ರಾಗಿ ಹೊಲದ ಬದುವಿನಲ್ಲಿ ಮೂರು ನೇರಳೆ ಗಿಡ, ಎರಡು ಮಾರು ಆಚೆ ಮನೆಯವರ ಹಸಿರು ಬದನೆ. ಎರಡೂ ಹೂ ಬಿಟ್ಟಿದ್ದವು. ನಾನು ನೋಡುತ್ತಿರುವಾಗಲೇ ಒಂದು ದುಂಬಿ ನೇರಳೆ ಗಿಡದ ಹೂವಿನಿಂದೆದ್ದು ಹಸಿರು ಗಿಡದ ಹೂವಿನ ಮೇಲೆ ಕೂತು ಗುಂಯ್‌ಗುಟ್ಟಿತು. ಗಡಿಯಾರ ನೋಡಿ ಹೊತ್ತು ಬರೆದುಕೊಂಡೆ. ಕ್ಯಾತನಹಳ್ಳಿಯಲ್ಲಿ ನಾವು ಮೀಟರುಗಳಲ್ಲಿ ಅಳೆದದ್ದು ಇಲ್ಲಿ ಎರಡು ತಾಲ್ಲೂಕು ದಾಟಿ ಬಂದು, ಹೊಸದಾಗಿ ಶುರುವಾಗಿತ್ತು. ಇದು ಸಾಮಾನ್ಯ ಬದನೆ, ಯಾರಿಗೂ ಏನೂ ಆಗುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಸಾಮಾನ್ಯವಲ್ಲದ್ದು ಬಂದಾಗ ಎಲ್ಲಿಗೆ ಹೋಗುತ್ತದೆ ಎಂದು ತಿಳಿಯುವುದಕ್ಕೇ ಅಲ್ಲವೆ ಇಷ್ಟೆಲ್ಲ ಮಾಡಿದ್ದು? ಹೋಗುವುದಿಲ್ಲ ಎಂದು ನಾನು ಬರೆದುಕೊಟ್ಟಾಗಿತ್ತು. ಹತ್ತು ದಿನಕ್ಕೆ ಕೆ.ಆರ್.ಎಸ್.ನಲ್ಲಿ ನಾಲ್ಕು ದೇಶದವರ ಸಭೆ. ಅಲ್ಲಿ ಆ ತಖ್ತೆ ಒಪ್ಪಿಗೆಯಾದರೆ, ನನ್ನ ಸಹಿಯ ಮೇಲೆ, ನಾನು ನೋಡದ ಊರುಗಳಲ್ಲಿ ದೂರ ಅಳೆಯುತ್ತಾರೆ.

ಮುಖ್ಯಸ್ಥರಿಗೆ ಎಲ್ಲ ಹೇಳಿದೆ, ಕಾಯಿ ಮೇಜಿನ ಮೇಲಿಟ್ಟೆ. ಅವರು ಸಿಡುಕಿನ ಮನುಷ್ಯರಲ್ಲ. ಕನ್ನಡಕ ತೆಗೆದು, ಒಂದು ಕಾಯಿ ಕೈಗೆತ್ತಿಕೊಂಡು ಬಹಳ ಹೊತ್ತು ನೋಡಿದರು.

“ದುಂಬಿ ಎಷ್ಟು ದೂರ ಹೋಗುತ್ತೆ ಅಂತ ನಮ್ಮನ್ನು ಕೇಳಿದ್ದಾರೆ” ಎಂದರು. “ನಾದಿನಿ ಎಷ್ಟು ದೂರ ಹೋಗ್ತಾಳೆ ಅಂತ ಕೇಳಿಲ್ಲವಲ್ಲಮ್ಮ.”

ತಮಾಷೆಗೆ ಹೇಳಿದ್ದಲ್ಲ. ನಮೂನೆ ತೆಗೆದು ತೋರಿಸಿದರು. ಗಾಳಿಗೆ ಕಾಲಂ ಇತ್ತು, ಹುಳುವಿಗೆ ಇತ್ತು, ಹಕ್ಕಿಗೆ, ನೀರಿಗೆ, ದನಕರುವಿಗೆ ಇತ್ತು. ಮನುಷ್ಯರಿಗೆ ಒಂದೇ ಕಡೆ ಜಾಗವಿತ್ತು: ನಿಯಮ ಉಲ್ಲಂಘನೆ, ಉಲ್ಲಂಘಿಸಿದವರು ಯಾರು. ಅಲ್ಲಿ ಯಾರನ್ನು ಬರೆಯುತ್ತೀರಿ ಎಂದು ಕೇಳಿದರು. ಹೊಲ ಕೊಟ್ಟ ತಪ್ಪಿಗೆ ಆ ಹೆಂಗಸಿನ ಮರ್ಯಾದೆ ತೆಗೆಯಬೇಕೇ, ಯೋಚಿಸಿ ಎಂದರು. ತಾವಾಗಿ ಬರೆಯುವುದಿಲ್ಲ, ನಾನು ಬರೆದರೆ ತಡೆಯುವುದೂ ಇಲ್ಲ ಎಂದರು. ಅದು ನ್ಯಾಯವಾದ ಮಾತೇ. ಆದರೆ ಆ ಕೋಣೆಯಿಂದ ಹೊರಬಂದಾಗ ಪೂರ್ತಿ ಭಾರ ನನ್ನ ಮೇಲೇ ಇತ್ತು.

ಮೂರು ದಿನ ಕ್ಯಾತನಹಳ್ಳಿಗೆ ಹೋಗದೆ ತಪ್ಪಿಸಿಕೊಂಡೆ. ಮನೆಯಲ್ಲಿ ಬೀರು ಒರೆಸಿದೆ, ಪುಸ್ತಕ ಜೋಡಿಸಿದೆ, ಹೊಳೆಯ ಮೆಟ್ಟಿಲವರೆಗೆ ಹೋಗಿ ಬಂದೆ. ನಾಲ್ಕನೆಯ ದಿನ ಹೋದೆ. ಅವ್ವ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದಳು. ಸಂತೆಬಾಚಹಳ್ಳಿಗೆ ಹೋಗಿದ್ದೆ, ನಿನ್ನ ನಾದಿನಿಯನ್ನು ನೋಡಿದೆ ಎಂದೆ. ಅವಳ ಮುಖ ಅರಳಿತು. ಕಾಲುನೋವು ಹೇಗಿದೆಯಂತೆ, ಊಟ ಮಾಡಿಸಿದಳಾ ಎಂದು ವಿಚಾರಿಸಿದಳು. ಬದನೆಯ ವಿಷಯ ತೆಗೆದಾಗಲೂ ಬದಲಾಗಲಿಲ್ಲ. ನಾನು ತಡವರಿಸಿಕೊಂಡು, ಅದು ಹೊಲ ಬಿಟ್ಟು ಹೋಗಬಾರದಿತ್ತು ಎಂದಾಗ ಮಾತ್ರ ಬಾಚುವುದನ್ನು ನಿಲ್ಲಿಸಿದಳು.

“ತಿನ್ಬ್ಯಾಡಿ ಅಂದ್ರಿ, ತಿನ್ನಿಲ್ಲ. ಬಾಯ್ ನೀರೂರುದ್ರೂ ಒಂದ್ ಸುಟ್ಕಂಡು ತಿನ್ನಿಲ್ಲ. ಮಾರ್ಬ್ಯಾಡಿ ಅಂದ್ರಿ, ಮಾರ್ನಿಲ್ಲ. ಕೊಡ್ಬ್ಯಾಡಿ ಅಂತ ಯಾವಾಗಂದ್ರಿ?”

ಅಂದಿರಲಿಲ್ಲ ಎಂದೆ. ಒಂದು ವಾಕ್ಯ ನಾನು ಬಿಟ್ಟಿದ್ದೆ ಎಂದೂ ಹೇಳಿದೆ. ಹೇಳುವಾಗ ಅವಳ ಮುಖ ನೋಡಲಿಲ್ಲ, ಹಸುವಿನ ಮುಖ ನೋಡುತ್ತಿದ್ದೆ.

“ಓದ್ದೋಳು ನೀನು, ಬುಟ್ಬುಟ್ಟೆ” ಎಂದಳು. ಮತ್ತೆ ಸಗಣಿಗೆ ಕೈ ಹಾಕುತ್ತ, “ಯುಗಾದಿಗೆ ಬಂದೋಳ್ನ ಬರಿ ಸೆರಗಲ್ಲಿ ಕಳಸಾಕಾಯ್ತದೇನಮ್ಮಿ? ಅಣ್ಣನ ಎಂಡ್ರು ಇಂಗೆ ಅಂತ ಊರೆಲ್ಲ ಆಡ್ಕತಾರೆ” ಎಂದಳು.

ಸಭೆಯ ವಿಷಯ ವಿವರಿಸಿದೆ. ಇದನ್ನು ಬರೆಯದಿದ್ದರೆ ನಾನು ಸುಳ್ಳಿಗೆ ಸಹಿ ಹಾಕಿದಂತೆ. ಬರೆದರೆ ನಿನ್ನ ಹೊಲದ ಮೇಲೆ ಮಾತು ಬರುತ್ತದೆ. ನಿನ್ನನ್ನು ಕೇಳದೆ ಬರೆಯುವುದಿಲ್ಲ ಎಂದೆ. ಅವಳು ಕೈ ತೊಳೆದುಕೊಂಡು ಬಂದು ಜಗಲಿಯ ಮೇಲೆ ಕೂತಳು. ಗಂಡನನ್ನು ಕೇಳಬೇಕೆ ಎಂದೆ. ಬೀಜದ ವಿಷಯ ಅವನಿಗೇನು ಗೊತ್ತು ಎಂದಳು.

“ಬರಿ. ಕೊಟ್ಟೆ ಅಂತ್ಲೇ ಬರಿ. ಕದ್ಲು ಅಂತ ಬಂದಾದು, ನೋಡ್ಕೊ.”

ಹಾಗೆಯೇ ಬರೆದೆ. ಒಂದು ಪುಟ. ಬೀಜಕ್ಕೆ ಬಿಟ್ಟ ಗೊಂಚಲು, ಬಟ್ಟೆಯ ಎಳೆ, ನಾನು ಅದನ್ನು ಗುರುತೆಂದು ತಪ್ಪಾಗಿ ಬರೆದದ್ದು, ಕನ್ನಡ ನಿಯಮದಲ್ಲಿ ಬಿಟ್ಟ ವಾಕ್ಯ, ಯುಗಾದಿ, ನಾದಿನಿ, ಸಂತೆಬಾಚಹಳ್ಳಿ, ಕೆ.ಆರ್. ಪೇಟೆ, ನಾಗಮಂಗಲ. ಕೊನೆಗೆ ಆ ದುಂಬಿ, ಗಡಿಯಾರದ ಹೊತ್ತು. ಕಾರ್ಬನ್ ಇಟ್ಟು ಇನ್ನೊಂದು ಪ್ರತಿ ತೆಗೆದುಕೊಂಡೆ.

ಕೆ.ಆರ್.ಎಸ್.ನ ಹೋಟೆಲೊಂದರಲ್ಲಿ ಸಭೆ ಎರಡು ದಿನ ನಡೆಯಿತು. ಎರಡನೆಯ ದಿನ ಊಟಕ್ಕೆ ಏಳುವ ಮುಂಚೆ ಮುಖ್ಯಸ್ಥರು ನನ್ನನ್ನು ಕರೆದರು. ನಿಂತು ಓದಿದೆ. ನನ್ನ ಇಂಗ್ಲಿಷ್ ನಿಧಾನ. ಓದಿ ಮುಗಿಸಿದೆ. ನಮೂನೆಯ ಉಸ್ತುವಾರಿ ಹೊತ್ತಿದ್ದವರು ಸೌಜನ್ಯದಿಂದಲೇ ಕೇಳಿದರು: ಇದನ್ನು ದೂರವಾಗಿ ಹೇಳಲು ಬರುತ್ತದೆಯೇ, ಒಂದು ಅಂಕಿಯಾಗಿ? ಬರುವುದಿಲ್ಲ ಎಂದೆ.

ಬದನೆ ಬೆಳೆಯುವ ಇನ್ನೊಂದು ದೇಶದಿಂದ ಬಂದ ಅರವತ್ತರ ವಿಜ್ಞಾನಿ ಹೆಂಗಸೊಬ್ಬರು ಮೇಜಿನ ಆ ತುದಿಯಲ್ಲಿದ್ದರು. ಬೀಜವನ್ನು ಯಾವುದರಲ್ಲಿ ಕಲಸಿ ಇಡುತ್ತಾರೆ ಎಂದು ಕೇಳಿದರು. ಬೂದಿ ಎಂದೆ. ನಮ್ಮಲ್ಲೂ ಬೂದಿಯೇ ಎಂದರು. ತಮ್ಮ ದೇಶದ ತಾಣದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿಲ್ಲ, ತಾವೂ ಕೇಳಲಿಲ್ಲ ಎಂದು ಸಭೆಗೆ ಹೇಳಿದರು. ಊಟದ ಹೊತ್ತಿನಲ್ಲಿ ನನ್ನ ಪಕ್ಕ ಬಂದು ಕೂತು, ಸೆರಗಿಗೆ ಹೇಗೆ ಕಟ್ಟುತ್ತಾರೆ ತೋರಿಸು ಎಂದರು. ನನ್ನ ದುಪಟ್ಟಾದ ತುದಿಯಲ್ಲಿ ಗಂಟು ಹಾಕಿ ತೋರಿಸಿದೆ. ಆ ದಿನ ಬಸ್ಸಿನಲ್ಲಿ ಮನೆಗೆ ಬರುವಾಗ ಎಷ್ಟೋ ವಾರಗಳ ಮೇಲೆ ಸುಮ್ಮನೆ ಕಿಟಕಿಯಾಚೆ ನೋಡುತ್ತ ಕೂತಿದ್ದೆ. ಬರೆದು ಕೊಟ್ಟಾಯಿತು, ಇನ್ನು ಅವರು ನೋಡಿಕೊಳ್ಳುತ್ತಾರೆ ಎಂದುಕೊಂಡೆ.

ಅಚ್ಚಾದ ವರದಿ ಬಂದದ್ದು ಅವರೆಕಾಯಿಯ ಕಾಲದಲ್ಲಿ. ನನ್ನ ಪುಟ ಅದರಲ್ಲಿ ಇರಲಿಲ್ಲ. ನಮ್ಮ ತಖ್ತೆಯೂ ಇರಲಿಲ್ಲ. ಅದು ಇರಬೇಕಾದ ಜಾಗದಲ್ಲಿ ಒಂದು ಅಡಿಟಿಪ್ಪಣಿ: ಜಮೀನಿನ ಒಡೆಯರು ನಿಯಮ ಮೀರಿ ಹಣ್ಣನ್ನು ಹೊರಗೆ ಸಾಗಿಸಿದ ಕಾರಣ ಈ ತಾಣವನ್ನು ಪರಿಗಣಿಸಿಲ್ಲ. ಉಳಿದ ಮೂರು ತಾಣಗಳ ಅಂಕಿಯಿಂದ ದೂರ ಗೊತ್ತುಮಾಡಿದ್ದರು. ಏನಾಗುತ್ತದೆ ಎಂದು ಕಂಡ ಒಂದೇ ತಾಣವನ್ನು, ಕಂಡಿತು ಎಂಬ ಕಾರಣಕ್ಕೆ ತೆಗೆದಿದ್ದರು. ನಾನು ಸುಮ್ಮನಿದ್ದಿದ್ದರೂ ದೂರ ಗೊತ್ತಾಗುತ್ತಿದ್ದುದು ಹೀಗೆಯೇ. ಅವ್ವನ ಮೇಲೆ ಈ ಮಾತು ಬರುವುದೊಂದು ತಪ್ಪುತ್ತಿತ್ತು.

ಮುಖ್ಯಸ್ಥರು ವರದಿಯನ್ನು ನನ್ನ ಕಡೆ ತಳ್ಳಿದರು. ನಾನು ಅದನ್ನು ಚೀಲದಲ್ಲಿಟ್ಟುಕೊಂಡು ಕ್ಯಾತನಹಳ್ಳಿಯ ಬಸ್ಸು ಹತ್ತಿದೆ. ಅವ್ವನಿಗೆ ಇಂಗ್ಲಿಷ್ ಬರುವುದಿಲ್ಲ. ಕೊಟ್ಟಳು ಎಂದೇ ಬರೆದಿದ್ದಾರೆ ಎಂದರೆ ಅವಳು ನಂಬುತ್ತಾಳೆ. ಪಾಂಡವಪುರದಲ್ಲಿ ಬಸ್ಸು ಬದಲಾಯಿಸುವವರೆಗೆ ಹಾಗೆ ಹೇಳುವುದೆಂದೇ ಇದ್ದೆ. ಜಗಲಿಯಲ್ಲಿ ಅವಳು ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಚಾಪೆಯ ಮೇಲೆ ಜಾಗ ಮಾಡಿದಳು. ನಾನು ಆ ವಾಕ್ಯವನ್ನು ಇದ್ದ ಹಾಗೆಯೇ ಕನ್ನಡದಲ್ಲಿ ಹೇಳಿದೆ.

ಅವಳು ಎರಡು ಮೂರು ಕಾಯಿ ಸುಲಿದಳು.

“ನನ್ನೆಸ್ರದಾ?”

ಹೆಸರಿಲ್ಲ, ಜಮೀನಿನ ಒಡೆಯರು ಎಂದಿದೆ ಎಂದೆ.

“ಆ ಒಲ ಯಾರ್ದು ಅಂತ ಊರ್ಗೆಲ್ಲ ಗೊತ್ತಲ್ಲ.” ಆಮೇಲೆ, “ನೀ ಏನ್ ಬರ್ಕೊಟ್ಟಿದ್ದೆ ಅದ್ನ ಓದು.”

ಕಾರ್ಬನ್ ಪ್ರತಿ ತೆಗೆದು ಒಂದೊಂದೇ ಸಾಲು ಕನ್ನಡದಲ್ಲಿ ಹೇಳಿದೆ. ನನ್ನ ತಪ್ಪುಗಳ ಸಾಲು ಬಂದಾಗ ತಲೆಯೆತ್ತಿ ನನ್ನನ್ನು ನೋಡಿದಳು. ದುಂಬಿಯ ಸಾಲಿಗೆ ನಕ್ಕಳು. ಮುಗಿದ ಮೇಲೆ ಮಡಿಲಲ್ಲಿದ್ದ ಸಿಪ್ಪೆ ಕೊಡವಿ, ಕಾಗದ ತಗೊ, ನಾನು ಹೇಳಿದ್ದು ಬರಿ ಎಂದಳು. ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆದುಕೊಂಡೆ.

“ಆ ಅಣ್ಣು ಬೀಜುಕ್ಕೆ ಬುಟ್ಟೋಳು ನಾನೇ. ನಮ್ ನಾದ್ನಿಗೆ ಕೊಟ್ಟೆ. ಕೊಡ್ಬ್ಯಾಡಿ ಅಂತ ಯಾರೂ ಯೋಳಿರ್ನಿಲ್ಲ. ಯೋಳಿದ್ರೆ ಒಲ್ವೇ ಕೊಡ್ತಿರ್ನಿಲ್ಲ.” ಸ್ವಲ್ಪ ಯೋಚಿಸಿ ಸೇರಿಸಿದಳು. “ಇನ್ನೊಬ್ರು ಯಾರಾನ ಒಲ ಕೊಡ್ತಾರೆ ಅಂದ್ಕಬ್ಯಾಡಿ. ಕೊಡೋರೂ ಬೀಜ ಮಡಿಕತಾರೆ, ಅವ್ರಿಗೂ ನಾದ್ನಿರವ್ರೆ. ಇದ್ನೂ ಬರಿ.”

ಅದನ್ನೂ ಬರೆದೆ. ಕೆಳಗೆ ಅವಳು ಸಹಿ ಮಾಡಿದಳು. ಅಕ್ಷರ ಸೊಟ್ಟಗಿದ್ದರೂ ಸ್ಪಷ್ಟವಾಗಿತ್ತು.

ಆ ಐದಾರು ವಾಕ್ಯಗಳನ್ನು ಇಂಗ್ಲಿಷಿಗೆ ತರಲು ನನಗೆ ನಾಲ್ಕು ದಿನ ಬೇಕಾಯಿತು. ನಾದಿನಿ ಎಂಬುದಕ್ಕೆ ಅವರ ಒಂದು ಪದ ಸಾಲದೆ ಗಂಡನ ತಂಗಿ, ಮದುವೆಯಾಗಿ ಬೇರೆ ಊರಿನಲ್ಲಿರುವವಳು ಎಂದು ಬಿಡಿಸಿ ಬರೆದೆ. ಕನ್ನಡದ ಮೂಲವನ್ನೂ ಜೊತೆಗಿಟ್ಟು, ಬೂದಿಯ ಬಗ್ಗೆ ಕೇಳಿದ ಆ ವಿಜ್ಞಾನಿಗೆ ಶ್ರೀರಂಗಪಟ್ಟಣದ ಅಂಚೆ ಕಚೇರಿಯಿಂದ ಕಳಿಸಿದೆ. ಆ ಹೊತ್ತಿಗೆ ನನ್ನ ಕೆಲಸದ ಅವಧಿ ಮುಗಿದಿತ್ತು. ಮುಂದುವರಿಸಲಿಲ್ಲ, ನಾನೂ ಕೇಳಲಿಲ್ಲ.

ಉತ್ತರ ಬಂದದ್ದು ಮುಂಗಾರಿನ ಹೊತ್ತಿಗೆ. ಅಡಿಟಿಪ್ಪಣಿಯನ್ನು ತಿದ್ದಲು ಉಳಿದವರು ಒಪ್ಪಿಲ್ಲ ಎಂದು ಅವರು ಬರೆದಿದ್ದರು. ಅವ್ವನ ಹೇಳಿಕೆಯನ್ನು ತಮ್ಮ ದೇಶದ ಸಮಿತಿಯಲ್ಲಿ ಪೂರ್ತಿ ಓದಿದ್ದರಂತೆ. ಅಲ್ಲಿ ಒಬ್ಬರು, ಇದು ಒಂದು ಮನೆಯ ಸಂಗತಿಯೋ ಊರಿನದೋ ಎಂದು ಕೇಳಿದರು, ತಮಗೆ ಉತ್ತರ ಕೊಡಲಾಗಲಿಲ್ಲ ಎಂದಿದ್ದರು. ನಮ್ಮಲ್ಲಿ ಒಂದು ಹಳ್ಳಿಯಲ್ಲಿ ಮನೆಮನೆಗೆ ಹೋಗಿ ಕೇಳಿಸಲು ಶುರುಮಾಡಿದ್ದೇವೆ, ನೀನು ಅಲ್ಲಿ ಕೇಳಬಲ್ಲೆಯಾ, ಯಾವ ಯೋಜನೆಯ ಹೆಸರೂ ಇದಕ್ಕಿಲ್ಲ ಎಂದಿದ್ದರು. ತಾವು ಕೇಳುತ್ತಿರುವ ಪ್ರಶ್ನೆಯನ್ನೂ ಬರೆದಿದ್ದರು. ಒಂದೇ ಪ್ರಶ್ನೆ: ಈ ವರ್ಷ ಯಾರು ಯಾರಿಗೆ ಬೀಜ ಕೊಟ್ಟಿರಿ?

ಮೊದಲ ಭಾನುವಾರ ಕ್ಯಾತನಹಳ್ಳಿಗೇ ಹೋದೆ. ಆ ಹೊಲಕ್ಕೆ ಅವರು ಕಬ್ಬು ಹಾಕಿದ್ದರು. ಅವ್ವ ಮೊದಲಿನಷ್ಟು ನಗುನಗುತ್ತ ಮಾತಾಡಲಿಲ್ಲ. ಯಾವ ಕಾಗದಕ್ಕೆ ಎಂದು ಕೇಳಿದಳು. ಆ ವಿಜ್ಞಾನಿಯ ದೇಶದಲ್ಲೂ ಇದನ್ನೇ ಕೇಳುತ್ತಿದ್ದಾರೆ ಎಂದು ಹೇಳಿ, ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ, ತಿದ್ದಲು ಒಪ್ಪಿಲ್ಲ ಎಂಬುದನ್ನೂ. ಅವಳು ಒಳಗೆ ಹೋದಳು. ಇಷ್ಟೇ, ಮುಗಿಯಿತು ಎಂದು ನಾನು ಚಪ್ಪಲಿಗೆ ಕಾಲು ತೂರಿಸುತ್ತಿದ್ದಾಗ ಮಜ್ಜಿಗೆ ಲೋಟ ಹಿಡಿದು ಹೊರಗೆ ಬಂದಳು.

“ಕೂತ್ಕೊ ಅಮ್ಮಿ. ಅವರೆಯಿಂದ ಇಡ್ಕಂಡು ಯೋಳ್ತೀನಿ, ಬಿರ್ರನೆ ಮುಗಿಯಾಕಿಲ್ಲ.”

ಪುಸ್ತಕ ತೆಗೆದು ಹೊಸ ಪುಟದ ಮೇಲೆ ತಾರೀಕು ಹಾಕಿದೆ. ಅವಳು ಹೇಳತೊಡಗಿದಳು.